ಗರಸು ಮಡ್ಡಿಯಲ್ಲಿ ಹುಲ್ಲು ಹಿಡಿಯುತ್ತಾ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರ ಮೇಲ್ಗಡೆ ನಾಲ್ಕು ಎಕರೆ ಮಡ್ಡಿ ಹೊಲ ಇದೆ. ಮೇಲಿಂದ ಕೆಳಗಿನ ಹಳ್ಳದವರೆಗೂ ಇಳಿಜಾರು. ನೂರು ಅಡಿ ನಡೆದರೆ ಆರೇಳು ಅಡಿ ಇಳಿಯುತ್ತದೆ. ಅಜ್ಜನ ಕಾಲದಲ್ಲಿ ಇಲ್ಲಿ ಸಜ್ಜೆ, ಹುರಳಿ ಬೆಳೆಯುತ್ತಿದ್ದರಂತೆ. ಈಗ ಬರೀ ಗರಸು, ಅಂದರೆ ಕಲ್ಲು ಹರಳು, ಮೇಲೆ ಬಂದಿದೆ.

ಮನೆಯಲ್ಲಿ ಎರಡು ದೇವಣಿ ಆಕಳು, ಒಂದು ಎಮ್ಮೆ, ಹತ್ತು ಆಡು ಇವೆ. ಬೇಸಿಗೆ ಬಂದರೆ ಮೇವು ಕೊಳ್ಳಬೇಕು. ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್‌ನಿಂದ ಆಳವಾಗಿ ನೇಗಿಲು ಹೊಡೆಸಿ, ಹತ್ತು ಕೆಜಿ ಹುಲ್ಲಿನ ಬೀಜ ತಂದು ಚೆಲ್ಲಿದೆವು. ಒಂದೇ ದೊಡ್ಡ ಮಳೆಗೆ ಬೀಜವೂ ಮಣ್ಣೂ ಹಳ್ಳ ಸೇರಿದವು. ಹೋದ ವರ್ಷ ಸೂಪರ್ ನೇಪಿಯರ್ ಕಡ್ಡಿ ಹಚ್ಚಿದೆವು. ದೀಪಾವಳಿವರೆಗೆ ಹಸಿರಾಗಿತ್ತು, ಸಂಕ್ರಾಂತಿಗೆ ಒಣಗಿ ಹೋಯಿತು.

ಈಗ ಒಬ್ಬರು ನೂರು ಟ್ರಾಲಿ ಕೆರೆ ಮಣ್ಣು ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ಸುಣ್ಣ ಹಾಕಿ ಅನ್ನುತ್ತಾರೆ. ಮತ್ತೊಬ್ಬರು ಸುಬಾಬುಲ್ ಹಚ್ಚಿ ಬಿಡಿ ಅನ್ನುತ್ತಾರೆ. ಅಪ್ಪ ಮಾತ್ರ 'ಈ ನೆಲದ ಜೀವ ಹೋಗ್ಯಾದ, ರೊಕ್ಕ ಹಾಳು ಮಾಡಬ್ಯಾಡ' ಅನ್ನುತ್ತಾರೆ. ತೊಗರಿ ರಾಶಿ ಆದ ಮೇಲೆ ಊರ ದನ ಎಲ್ಲ ಅಲ್ಲೇ ಬಂದು ಮೇಯುತ್ತವೆ. ನಿಜಕ್ಕೂ ಇಲ್ಲಿ ಹುಲ್ಲು ಹಿಡಿಯುತ್ತಾ? ಮೂರನೇ ಸಲ ದುಡ್ಡು ಹಾಕಬಹುದಾ?"

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಮೂರನೇ ಸಲ ಕೇಳಿ ಮಾಡೋಣ ಅಂದುಕೊಂಡಿದ್ದೀರಲ್ಲ, ಅದು ಒಳ್ಳೆಯದು. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹುಲ್ಲು ಹಿಡಿಯುತ್ತದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಡ್ಡಿಗಳಲ್ಲಿ ಮೇವಿನ ಕೆಲಸ ಮಾಡಿದ್ದೇನೆ. ನಿಮ್ಮದಕ್ಕಿಂತ ಕೆಟ್ಟ ನೆಲದಲ್ಲೂ ಮೊಣಕಾಲುದ್ದ ಹುಲ್ಲು ನಿಂತಿದ್ದನ್ನು ನೋಡಿದ್ದೇನೆ. ಆದರೆ ನೀವು ಎರಡು ಸಲವೂ ಬೀಜದಿಂದ, ಕಡ್ಡಿಯಿಂದ ಶುರು ಮಾಡಿದ್ದೀರಿ. ಇಂಥ ನೆಲದಲ್ಲಿ ಬೀಜ ಮೂರನೇ ಕೆಲಸ. ಮೊದಲು ಓಡುವ ನೀರು ನಿಲ್ಲಬೇಕು. ಆಮೇಲೆ ದನದ ಬಾಯಿ ದೂರ ಇರಬೇಕು. ಬೀಜ ಅದಾದ ಮೇಲೆ.

ಗರಸು ಮೇಲೆ ಬಂದಿದೆ ಅಂತ ಬರೆದಿದ್ದೀರಿ. ನಮ್ಮ ಕಡೆ ಎಲ್ಲರೂ ಹಾಗೇ ಹೇಳುತ್ತಾರೆ. ನಿಜವಾಗಿ ಗರಸು ಇದ್ದಲ್ಲೇ ಇದೆ, ಅದರ ಮೇಲಿದ್ದ ಮಣ್ಣು ಕೆಳಗೆ ಹೋಗಿದೆ. ಮಳೆ ಹನಿ ಬರಿ ನೆಲಕ್ಕೆ ಜೋರಾಗಿ ಬಿದ್ದಾಗ ಮಣ್ಣಿನ ಕಣ ಒಡೆಯುತ್ತದೆ. ಸಣ್ಣ ಕಣ, ಕೊಳೆತ ಎಲೆ, ಸಗಣಿಯ ಪುಡಿ, ಇವೆಲ್ಲ ಹಗುರ. ಮೊದಲು ಹೋಗುವುದು ಇವೇ. ನೀರು ಹಿಡಿದುಕೊಳ್ಳುವ ಶಕ್ತಿ, ಸಾರ, ಎಲ್ಲ ಇರುವುದೂ ಇವುಗಳಲ್ಲೇ. ಉಳಿಯುವುದು ಭಾರದ ಗರಸು. ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಬರೀ 1 ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಐದು ಟನ್‌ಗೂ ಜಾಸ್ತಿ ಆಗುತ್ತದೆ. ಹೊಲದಲ್ಲಿ ನಿಂತು ನೋಡಿದರೆ ಆ 1 ಮಿಲಿಮೀಟರ್ ಕಣ್ಣಿಗೇ ಬೀಳುವುದಿಲ್ಲ. ಮೂವತ್ತು ನಲವತ್ತು ಮಳೆಗಾಲ ಹೀಗೇ ಹೋದರೆ ಅಜ್ಜನ ಸಜ್ಜೆ ಹೊಲ ಮೊಮ್ಮಗಳ ಕಾಲಕ್ಕೆ ಮಡ್ಡಿಯಾಗುತ್ತದೆ.

ನೀರಿನದ್ದೂ ಇದೇ ಕಥೆ. ನಿಮ್ಮ ಕಡೆ ಮಳೆ ತೀರಾ ಕಡಿಮೆಯೇನೂ ಅಲ್ಲ. ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಎರಡು ಲಕ್ಷ ಲೀಟರ್ ನೀರು. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಲವತ್ತು ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರ್‌ಗೆ ಎಷ್ಟು ಕಾಯುತ್ತೇವೆ ಅಲ್ವಾ? ಆ ನಲವತ್ತು ಟ್ಯಾಂಕರ್ ನೀರು ನಿಮ್ಮ ಹೊಲದ ಮೇಲೆ ಬಿದ್ದು, ಗಂಟೆಯೊಳಗೆ ಹಳ್ಳಕ್ಕೆ ಹೋಗುತ್ತಿದೆ. ಹನಿ ಬಡಿದು ಬಡಿದು ಮೇಲ್ಪದರ ಹೆಪ್ಪುಗಟ್ಟಿದೆ. ದನದ ಕಾಲು ತುಳಿದು ಇನ್ನೂ ಗಟ್ಟಿಯಾಗಿದೆ. ಹಾಗಾಗಿ ನೀರು ಇಳಿಯುವುದಿಲ್ಲ, ಓಡುತ್ತದೆ.

ಹಾಗಂತ ಈ ಕೆಂಪು ಗರಸಿಗೆ ನೀರು ಕುಡಿಯುವ ಗುಣ ಇಲ್ಲ ಅಂತಲ್ಲ. ಬೀದರ್‌ನ ನೌಬಾದ್ ಹತ್ತಿರದ ಸುರಂಗ ಬಾವಿ ನೋಡಿದ್ದೀರಾ? ಕರೇಜ್ ಅಂತಾರೆ. ಬಹಮನಿ ಸುಲ್ತಾನರ ಕಾಲದ್ದು. ಜಂಬಿಟ್ಟಿಗೆ ಕಲ್ಲಿನ ಒಳಗೆ ಜಿನುಗಿ ಬರುವ ನೀರನ್ನು ನೆಲದಡಿಯ ಕಾಲುವೆಯಲ್ಲಿ ಹರಿಸಿ ಊರಿಗೆ ತಂದರು. ಮೇಲೆ ಬಿದ್ದ ಮಳೆ ಆ ಕಲ್ಲಿನ ಸಂದಿಗಳಲ್ಲಿ ಇಳಿಯುತ್ತದೆ, ಅದಕ್ಕೇ ಆ ಸುರಂಗದಲ್ಲಿ ನೀರು. ಚಿಂಚೋಳಿಯ ಎಷ್ಟೋ ಮಡ್ಡಿಗಳೂ ಅದೇ ಜಾತಿಯ ಕೆಂಪು ಜಂಬಿಟ್ಟಿಗೆ ನೆಲ. ನೀರು ಒಂದಿಷ್ಟು ಹೊತ್ತು ನಿಂತರೆ ಸಾಕು, ಕುಡಿಯುತ್ತದೆ. ನಿಲ್ಲಿಸುವುದೇ ನಮ್ಮ ಕೆಲಸ.

ಈಗ ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ.

ಆಳವಾಗಿ ನೇಗಿಲು ಹೊಡೆದರೆ ಹುಲ್ಲು ಚೆನ್ನಾಗಿ ಬರುತ್ತದೆ ಅನ್ನುವುದು ಎರಿ, ಅಂದರೆ ಕಪ್ಪು ಮಣ್ಣಿನ ಹೊಲದವರ ಅನುಭವ. ಆರು ಇಂಚು ಮಣ್ಣು ಇರುವ ಇಳಿಜಾರಿಗೆ ಅದು ಹೊಂದುವುದಿಲ್ಲ. ಇದ್ದ ಸ್ವಲ್ಪ ಬೇರೂ ಕಿತ್ತು ಹೋಗುತ್ತದೆ, ಸಡಿಲ ಮಣ್ಣು ಮೊದಲ ಮಳೆಗೇ ಜಾರುತ್ತದೆ. ಟ್ರ್ಯಾಕ್ಟರ್ ಮೇಲಿಂದ ಕೆಳಗೆ ಓಡಿದ್ದರೆ ಒಂದೊಂದು ಸಾಲೂ ಒಂದೊಂದು ಕಾಲುವೆ ಆಗುತ್ತದೆ. ನಿಮ್ಮಲ್ಲಿ ಆದದ್ದು ಇದೇ ಅಂತ ನನ್ನ ಅಂದಾಜು.

ನೇಪಿಯರ್ ಒಳ್ಳೆಯ ಮೇವು. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಅದು ನೀರು ಗೊಬ್ಬರ ಎರಡನ್ನೂ ಬಹಳ ತಿನ್ನುವ ಬೆಳೆ. ಬಾವಿ ಹತ್ತಿರ, ಬಚ್ಚಲ ನೀರು ಹರಿಯುವ ಕಡೆ, ಕೊಟ್ಟಿಗೆ ಹಿಂದೆ ಎರಡು ಗುಂಟೆ ಹಚ್ಚಿ. ವರ್ಷವಿಡೀ ಕೊಯ್ಯಬಹುದು. ಮಳೆ ನಿಂತ ಮೇಲೆ ತೇವವೇ ಇಲ್ಲದ ಗರಸಿನಲ್ಲಿ ಅದು ಸಂಕ್ರಾಂತಿ ದಾಟುವುದಿಲ್ಲ. ಕಡ್ಡಿ ಮಾರುವವರು ಇದನ್ನು ಬಿಚ್ಚಿ ಹೇಳಬೇಕಿತ್ತು. ಒಣಗಿದ್ದು ನಿಮ್ಮ ತಪ್ಪಿನಿಂದ ಅಲ್ಲ.

ಕೆರೆ ಮಣ್ಣಿನ ಲೆಕ್ಕ ಹಾಕೋಣ. ಒಂದು ಎಕರೆಗೆ ಒಂದು ಇಂಚು ದಪ್ಪ ಹರಡಲು ಸುಮಾರು ಮೂವತ್ತಾರು ಬ್ರಾಸ್ ಬೇಕು. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಟ್ರಾಲಿಗೆ ಒಂದು ಬ್ರಾಸ್ ಅಂತ ಹಿಡಿದರೆ, ನಿಮ್ಮ ನೂರು ಟ್ರಾಲಿ ನಾಲ್ಕು ಎಕರೆಗೆ ಒಂದು ಇಂಚೂ ಆಗುವುದಿಲ್ಲ. ಹರಡಿದ್ದೂ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಕೆರೆಯಿಂದ ಬಂದ ಮಣ್ಣು ಮತ್ತೆ ಕೆರೆಗೇ ಹೋಗುತ್ತದೆ. ಮುಂದೆ ಹೇಳುವ ಒಡ್ಡು, ಕಂದಕ ಎಲ್ಲ ಆದ ಮೇಲೆ, ಒಂದೆರಡು ವರ್ಷ ಬಿಟ್ಟು, ಗಿಡ ಹಚ್ಚುವ ಗುಂಡಿಗೆ ಮತ್ತು ಹುಲ್ಲು ಹಿಡಿಯದ ಬರಿ ಜಾಗಕ್ಕೆ ಹಾಕಿದರೆ ಉಪಯೋಗ ಇದೆ. ಈಗ ಬೇಡ.

ಸುಣ್ಣದ ವಿಷಯದಲ್ಲಿ ಮಣ್ಣು ಪರೀಕ್ಷೆ ಆಗದೆ ಯಾರೂ ಹೂಂ ಅನ್ನಬಾರದು, ಉಹೂಂ ಅನ್ನಲೂಬಾರದು. ಕೆಂಪು ಜಂಬಿಟ್ಟಿಗೆ ನೆಲ ಕೆಲವು ಕಡೆ ಹುಳಿ ಇರುತ್ತದೆ. ಅಲ್ಲೇ ಸೇಡಂ, ಚಿತ್ತಾಪುರ ಕಡೆ ಹೋದರೆ ಕಲ್ಲೇ ಸುಣ್ಣದ ಕಲ್ಲು. ಅಂಥ ಕಡೆ ಸುಣ್ಣ ಹಾಕುವುದು ಸುಮ್ನೆ ದಂಡ. ನಾಲ್ಕಾರು ಕಡೆಯಿಂದ ಮಣ್ಣು ತೆಗೆದು, ಕಲಸಿ, ಅರ್ಧ ಕೆಜಿಯನ್ನು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ರಸಸಾರ, ಅಂದರೆ ಪಿಎಚ್, 5.5ಕ್ಕಿಂತ ಕೆಳಗಿದ್ದರೆ ಮಾತ್ರ ಸುಣ್ಣದ ಮಾತು.

ಸುಬಾಬುಲ್ ಎಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಆಡುಗಳಿಗೆ ಬಲು ಇಷ್ಟ. ಆದರೆ ಅದರಲ್ಲಿ ಮಿಮೊಸಿನ್ ಅನ್ನುವ ವಿಷದ ಅಂಶ ಇದೆ. ಬರೀ ಅದನ್ನೇ ತಿನ್ನಿಸಿದರೆ ದನದ ಕೂದಲು ಉದುರುತ್ತದೆ, ಮೈ ಇಳಿಯುತ್ತದೆ. ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ದಾಟಬಾರದು. ಇನ್ನೊಂದು, ಬೀಜ ಬಿದ್ದಲ್ಲೆಲ್ಲ ಹುಟ್ಟುತ್ತದೆ. ನೆರಳು ಜಾಸ್ತಿಯಾದರೆ ಅಡಿಯ ಹುಲ್ಲು ಸಾಯುತ್ತದೆ, ಹುಲ್ಲಿಲ್ಲದ ಕಡೆ ಮಣ್ಣು ಹೋಗುತ್ತಲೇ ಇರುತ್ತದೆ. ಮಣ್ಣನ್ನು ಹಿಡಿಯುವುದು ಮರದ ಕೊಂಬೆಗಿಂತ ಹುಲ್ಲಿನ ಬುಡ. ಮರ ಬೇಕೇ ಬೇಕು ಅನಿಸಿದರೆ ಕಂದಕದ ಏರಿ ಮೇಲೆ ಇಪ್ಪತ್ತೈದು ಮೂವತ್ತು ಅಡಿಗೊಂದು ಕಮರದ ಮರ, ಬಾರಿ (ಎಲಚಿ) ಗಿಡ ಹಚ್ಚಿ. ಕಮರ ನಿಧಾನ ಬೆಳೆಯುತ್ತದೆ, ಆದರೆ ಇಂಥ ಕಲ್ಲು ನೆಲ ಅದಕ್ಕೆ ಹೊಸದಲ್ಲ.

ಇನ್ನು ಕೆಲಸಕ್ಕೆ ಬರೋಣ. ನಾಲ್ಕೂ ಎಕರೆಗೆ ಒಂದೇ ವರ್ಷ ಕೈ ಹಾಕಬೇಡಿ. ಎಲ್ಲಕ್ಕಿಂತ ಮೇಲಿನ ಒಂದು ಎಕರೆಯಿಂದ ಶುರು ಮಾಡಿ. ಎಷ್ಟೋ ಜನ ಕೆಳಗಿನಿಂದ ಶುರು ಮಾಡುತ್ತಾರೆ, ಯಾಕೆಂದರೆ ಕೊರಕಲು ಕಾಣುವುದು ಅಲ್ಲಿ. ಮೇಲಿನ ನೀರಿಗೆ ಕಡಿವಾಣ ಇಲ್ಲದೆ ಕೆಳಗೆ ಏನು ಕಟ್ಟಿದರೂ ಒಡೆಯುತ್ತದೆ. ಇದನ್ನು ನಾನೂ ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಬೀದರ್ ಜಿಲ್ಲೆಯ ಒಂದು ಗುಡ್ಡದ ಹೊಲದಲ್ಲಿ ಕೆಳಗೆ ಚೆಂದದ ಕಲ್ಲಿನ ತಡೆ ಕಟ್ಟಿಸಿ, ಮೇಲೆ ಬೀಜ ಚೆಲ್ಲಿಸಿದ್ದೆ. ಆಗ ನನಗೆ ಅನುಭವ ಕಡಿಮೆ. ಒಂದು ರಾತ್ರಿ ಮಳೆಗೆ ತಡೆ ಒಡೆಯಿತು. ಬೀಜ ಎಲ್ಲ ಕೆಳಗಿನ ಮೂಲೆಯಲ್ಲಿ ಗುಡ್ಡೆ ಬಿತ್ತು. ಹದಿನೈದು ದಿನಕ್ಕೆ ಆ ಮೂಲೆಯಲ್ಲಿ ಚಾಪೆ ಹಾಸಿದ ಹಾಗೆ ಹುಲ್ಲು ಮೊಳೆಯಿತು, ಮೇಲಿನ ಎರಡು ಎಕರೆ ಬೋಳಾಗಿತ್ತು. ಆ ರೈತರ ಮುಖ ಇನ್ನೂ ನೆನಪಿದೆ. ಆಮೇಲೆ ನಾನು ಯಾವ ಇಳಿಜಾರಿಗೂ ಮೇಲಿಂದಲ್ಲದೆ ಕೈ ಹಾಕಿಲ್ಲ.

ಮಟ್ಟದ ಗೆರೆ ಹಾಕುವುದು ಮೊದಲ ಕೆಲಸ. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಗೌಂಡಿಗಳು ಮನೆ ಕಟ್ಟುವಾಗ ನೀರು ತುಂಬಿದ ಪೈಪಿನಿಂದ ಮಟ್ಟ ನೋಡುತ್ತಾರಲ್ಲ, ಅದೇ ಸಾಕು. ಇಲ್ಲದಿದ್ದರೆ ಮೂರು ಕಟ್ಟಿಗೆಯಿಂದ 'ಎ' ಆಕಾರದ ಚೌಕಟ್ಟು ಮಾಡಿ. ತುದಿಗೆ ದಾರ ಕಟ್ಟಿ ಕಲ್ಲು ಇಳಿಬಿಡಿ. ಸಮ ನೆಲದ ಮೇಲೆ ನಿಲ್ಲಿಸಿ ದಾರ ಅಡ್ಡಪಟ್ಟಿಗೆ ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಹಾಕಿ. ಹೊಲದಲ್ಲಿ ದಾರ ಆ ಗುರುತಿಗೇ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಅಂತ. ಒಂದು ಕಾಲನ್ನು ಅಲ್ಲೇ ಇಟ್ಟು ಇನ್ನೊಂದನ್ನು ತಿರುಗಿಸುತ್ತ ಹೋಗಿ, ಪ್ರತಿ ಹೆಜ್ಜೆಗೂ ಸುಣ್ಣದ ಪುಡಿ ಹಾಕಿ. ಗೆರೆ ನೇರ ಬರುವುದಿಲ್ಲ, ಹಾವಿನ ಹಾಗೆ ಬಳುಕುತ್ತದೆ. ಹಾಗೇ ಇರಬೇಕು. ಚೆಂದ ಕಾಣಲಿ ಅಂತ ನೇರ ಮಾಡಲು ಹೋದರೆ ನೀರು ತಗ್ಗಿನ ಕಡೆ ನುಗ್ಗಿ ಒಡೆಯುತ್ತದೆ.

ನಿಮ್ಮ ಇಳಿಜಾರಿಗೆ ಐವತ್ತು ಅಡಿಗೊಂದು ಗೆರೆ ಸಾಕು. ಗೆರೆ ಮೇಲೆ ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಕಂದಕ ತೋಡಿ. ಹತ್ತು ಅಡಿ ಬಿಟ್ಟು ಮತ್ತೊಂದು. ಕೆಳಗಿನ ಸಾಲಿನ ಕಂದಕ ಮೇಲಿನ ಸಾಲಿನ ಸಂದಿಗೆ ಎದುರಾಗಿ ಬರಲಿ. ತೆಗೆದ ಮಣ್ಣನ್ನು ಕೆಳಬದಿಗೆ ಏರಿ ಹಾಕಿ. ಕಂದಕದ ಅಂಚಿಗೇ ಸುರಿಯದೆ ಒಂದು ಅಡಿ ಬಿಟ್ಟು ಹಾಕಿ, ಇಲ್ಲದಿದ್ದರೆ ಮತ್ತೆ ಒಳಗೇ ಬೀಳುತ್ತದೆ. ಎಕರೆಗೆ ಸುಮಾರು ನಲವತ್ತು ಕಂದಕ ಆಗುತ್ತವೆ. ಒಂದರಲ್ಲಿ 850 ಲೀಟರ್ ನೀರು ನಿಲ್ಲುತ್ತದೆ, ಎಲ್ಲ ಸೇರಿ 34 ಸಾವಿರ ಲೀಟರ್. ಎರಡು ಲಕ್ಷ ಲೀಟರಿನ ಮುಂದೆ ಇದು ಕಡಿಮೆಯೇ. ಕಂದಕ ಇಡೀ ಮಳೆಯನ್ನು ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರು ಓಡುವ ವೇಗ ಕಡಿಮೆಯಾಗುತ್ತದೆ, ಒಂದಿಷ್ಟು ಇಂಗುತ್ತದೆ, ಜಾರಿದ ಮಣ್ಣು ಹಳ್ಳಕ್ಕೆ ಹೋಗದೆ ಅಲ್ಲೇ ಕೂರುತ್ತದೆ. ಜಾಸ್ತಿ ನೀರು ಹೋಗಲು ಈಗಾಗಲೇ ಇರುವ ಕೊರಕಲನ್ನೇ ದಾರಿ ಮಾಡಿ, ಅದರಲ್ಲಿ ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲಿನ ತಡೆ ಇಡಿ. ತಡೆಯ ನಡುಭಾಗ ತಗ್ಗಿರಲಿ, ಎರಡೂ ಬದಿ ಎತ್ತರ ಇರಲಿ.

ದುಡ್ಡು, ಆಳು ಎರಡೂ ಜಾಸ್ತಿ ಬೇಕಾಗುವುದು ಇಲ್ಲೇ. ಗಟ್ಟಿ ಗರಸಿನಲ್ಲಿ ಒಬ್ಬರು ದಿನಕ್ಕೆ ಎರಡು ಕಂದಕ ತೋಡಿದರೆ ಹೆಚ್ಚು. ಉದ್ಯೋಗ ಖಾತರಿ ಕೆಲಸದಲ್ಲಿ ಸ್ವಂತ ಹೊಲಕ್ಕೆ ಬದು, ಕಂದಕ ಮಾಡಿಸಿಕೊಂಡವರು ನಮ್ಮ ಮೂರೂ ಜಿಲ್ಲೆಗಳಲ್ಲಿ ಬಹಳ ಜನ ಇದ್ದಾರೆ. ನಿಮಗೆ ಆಗುತ್ತದೆಯಾ, ಈಗಿನ ನಿಯಮ ಏನು ಅಂತ ಪಂಚಾಯಿತಿಯಲ್ಲಿ ಕೇಳಿ. ಮಳೆಗಾಲಕ್ಕೆ ಮುಂಚೆ ಮುಗಿಯಬೇಕು.

ಕಂದಕದ ಏರಿ ಮೊದಲ ಮಳೆಗೆ ಕರಗದಿರಲು ಅದರ ಮೇಲೇ ಹುಲ್ಲು ಬೇಕು. ಲಾವಂಚ ಇದಕ್ಕೆ ಹೇಳಿ ಮಾಡಿಸಿದ್ದು. ಬೇರು ಅಡ್ಡ ಹರಡದೆ ನೇರ ಕೆಳಗೆ ಇಳಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಅಂಚಿಗೆ ಲಾವಂಚ ಹಚ್ಚುತ್ತ ಬಂದಿದ್ದಾರೆ. 1980ರ ದಶಕದಲ್ಲಿ ಮಣ್ಣು ಉಳಿಸುವ ಕೆಲಸಕ್ಕೆ ವಿಶ್ವ ಬ್ಯಾಂಕ್ ಲಾವಂಚವನ್ನು ಬೇರೆ ಬೇರೆ ದೇಶಗಳಲ್ಲಿ ಪ್ರಚಾರ ಮಾಡಿದಾಗ, ನಮ್ಮ ಈ ರೈತರ ಪದ್ಧತಿಯೂ ಮಾದರಿಯಾಗಿತ್ತು. ಬುಡ ಸೀಳಿ, ಒಂದು ಗೇಣಿಗಿಂತ ಹತ್ತಿರ ಹತ್ತಿರ ಹಚ್ಚಿ. ಎಳೆ ಎಲೆ ಬಿಟ್ಟರೆ ದನ ಅದನ್ನು ಅಷ್ಟಾಗಿ ತಿನ್ನುವುದಿಲ್ಲ. ಹಾಗಾಗಿ ಅದನ್ನು ಬೇಲಿ ಅಂತ ಲೆಕ್ಕ ಹಾಕಿ, ಮೇವು ಅಂತ ಬೇಡ.

ಮೇವಿಗೆ ನನ್ನ ಆಯ್ಕೆ ಅಂಜನ ಹುಲ್ಲು ಮತ್ತು ಸ್ಟೈಲೋ, ಎರಡೂ ಜೊತೆಯಾಗಿ. ಅಂಜನ ನಮ್ಮ ದೇಶದ್ದೇ ಹುಲ್ಲು. ಒಣ ನೆಲಕ್ಕೆ ಹುಟ್ಟಿದ್ದು. ಬೇಸಿಗೆಯಲ್ಲಿ ಮೇಲೆ ಒಣಗಿದರೂ ಬುಡ ಬದುಕಿರುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಸ್ಟೈಲೋ ದ್ವಿದಳ ಜಾತಿ. ತೊಗರಿ, ಹುರಳಿಯ ಹಾಗೆ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ. ಬಡ ನೆಲಕ್ಕೆ ಅದೇ ಗೊಬ್ಬರ, ಆಕಳಿಗೆ ಅದೇ ಪ್ರೋಟೀನ್. ಒಂದು ಎಕರೆಗೆ ಅಂಜನ ಎರಡು ಕೆಜಿ, ಸ್ಟೈಲೋ ಒಂದೂವರೆಯಿಂದ ಎರಡು ಕೆಜಿ ಸಾಕು. ಮೊದಲ ವರ್ಷ ನೆಲ ಬೇಗ ಮುಚ್ಚಲಿ ಅಂದರೆ ಒಂದಿಷ್ಟು ದೀನನಾಥ ಹುಲ್ಲಿನ ಬೀಜವನ್ನೂ ಸೇರಿಸಬಹುದು. ಅದು ಒಂದೇ ವರ್ಷದ್ದು, ಬೇಗ ಎದ್ದು ನಿಲ್ಲುತ್ತದೆ. ಜಾಸ್ತಿ ಹಾಕಿದರೆ ಅಂಜನದ ಸಸಿಯನ್ನು ಅದೇ ತುಳಿಯುತ್ತದೆ, ಹುಷಾರು.

ಈಗ ಬೀಜದ ಗುಟ್ಟು. ಹುಲ್ಲಿನ ಬೀಜ ಮೋಸ ಅಂತ ಬಹಳ ಜನ ಬೈಯುತ್ತಾರೆ. ಕೆಲವು ಸಲ ನಿಜವೇ. ಆದರೆ ಹೆಚ್ಚು ಸಲ ಬೀಜ ನಿದ್ದೆಯಲ್ಲಿರುತ್ತದೆ. ಅಂಜನದ ಹೊಸ ಬೀಜ ಕೊಯ್ದ ಕೂಡಲೇ ಮೊಳೆಯುವುದಿಲ್ಲ. ಆರು ತಿಂಗಳಾದರೂ ಹಳೆಯದಾಗಬೇಕು. ಹೋದ ಕಾರ್ತಿಕದಲ್ಲಿ ಕೊಯ್ದದ್ದು ಈ ಮುಂಗಾರಿಗೆ ಸರಿ. ಇನ್ನೊಂದು, ಅದು ಹತ್ತಿಯ ಹಾಗೆ ತುಪ್ಪಳದ ಬೀಜ. ಎಷ್ಟೋ ತುಪ್ಪಳದೊಳಗೆ ಕಾಳೇ ಇರುವುದಿಲ್ಲ. ಅಂಗೈಯಲ್ಲಿ ಉಜ್ಜಿ ನೋಡಿ. ನೂರು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ವಾರದಲ್ಲಿ ಎಷ್ಟು ಮೊಳೆಯುತ್ತವೆ ನೋಡಿ. ಹೊಲಕ್ಕೆ ಹಾಕುವ ಮುಂಚೆ ಈ ಪರೀಕ್ಷೆ ಬಿಡಲೇಬೇಡಿ.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿತ ನಿಂತು ಸ್ವಲ್ಪ ಆರಿದ ಮೇಲೆ, ಅಂದರೆ ಸುಮಾರು 80 ಡಿಗ್ರಿಗೆ ಬಂದಾಗ, ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕು ನಿಮಿಷ ಮುಳುಗಿಸಿ. ತೆಗೆದು ರಾತ್ರಿಯಿಡೀ ತಣ್ಣೀರಿನಲ್ಲಿ ಇಡಿ. ಕುದಿಯುವ ನೀರಿಗೆ ಹಾಕಿ ಮರೆತರೆ ಬೀಜ ಬೆಂದು ಹೋಗುತ್ತದೆ. ಮೊದಲು ಒಂದು ಮುಷ್ಟಿಗೆ ಮಾಡಿ ನೋಡಿ, ಆಮೇಲೆ ಎಲ್ಲಕ್ಕೂ ಮಾಡಿ. ಅಂಜನದ ಬೀಜ ಗಾಳಿಗೆ ಹಾರದಿರಲು, ನೀರಿಗೆ ತೇಲದಿರಲು ಜರಡಿ ಹಿಡಿದ ಮಣ್ಣು ಮತ್ತು ಸಗಣಿಯಲ್ಲಿ ಕಲಸಿ ಕಡಲೆ ಕಾಳಿನಷ್ಟು ಉಂಡೆ ಮಾಡಿ ನೆರಳಲ್ಲಿ ಒಣಗಿಸಿ. ಮನೆಯವರೆಲ್ಲ ಕೂತರೆ ಎರಡು ಮಧ್ಯಾಹ್ನದ ಕೆಲಸ.

ಒಳ್ಳೆಯ ಬೀಜ ಎಲ್ಲಿ ಸಿಗುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಅಲ್ಲಿ ವಿಚಾರಿಸಿ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರನ್ನೂ ನಿಮ್ಮ ಪಶು ಆಸ್ಪತ್ರೆಯವರನ್ನೂ ಕೇಳಿ. ಮಳೆ ಬಿದ್ದ ಮೇಲೆ ಕೇಳಿದರೆ ಸಿಗುವುದಿಲ್ಲ, ಈಗಲೇ ಹೇಳಿಡಿ.

ಬಿತ್ತುವ ಹೊತ್ತು ಮುಖ್ಯ. ಮಿರಗದ, ಅಂದರೆ ಮೃಗಶಿರಾ ಮಳೆಯ, ಮೊದಲ ಹನಿಗೇ ಓಡಬೇಡಿ. ನೆಲ ಒಂದು ಗೇಣಿನಷ್ಟು ಒದ್ದೆಯಾಗಲಿ. ಆರಿದ್ರಾ, ಪುನರ್ವಸು ಒಳ್ಳೆಯ ಕಾಲ. ಅದು ದಾಟಿದರೆ ಸಸಿಗೆ ಬೇರು ಇಳಿಸಲು ಸಮಯ ಸಾಲುವುದಿಲ್ಲ. ನೇಗಿಲು ಬೇಡ. ಗುದ್ದಲಿ ಮೂಲೆಯಿಂದ, ಇಳಿಜಾರಿಗೆ ಅಡ್ಡವಾಗಿ, ಒಂದೂವರೆ ಅಡಿಗೊಂದು ಗೀರು ಎಳೆಯಿರಿ. ಗೀರಿನಲ್ಲಿ ಮೊದಲು ಪುಡಿ ಮಾಡಿದ ತಿಪ್ಪೆ ಗೊಬ್ಬರ, ಮೇಲೆ ಬೀಜ. ಬೆರಳಿನ ಉಗುರಿಗಿಂತ ಆಳ ಹೋಗಬಾರದು. ಇಷ್ಟು ಸಣ್ಣ ಬೀಜಕ್ಕೆ ಎರಡು ಇಂಚು ಮಣ್ಣು ತಳ್ಳಿ ಮೇಲೆ ಬರುವ ಶಕ್ತಿ ಇಲ್ಲ. ಒಂದು ಮುಳ್ಳಿನ ಕೊಂಬೆ ಎಳೆದರೆ ಮುಚ್ಚುತ್ತದೆ. ಮೇಲೆ ಅಲ್ಲಲ್ಲಿ ತೊಗರಿ ಕಟ್ಟಿಗೆ ಅಡ್ಡ ಹಾಸಿ. ಹನಿಯ ಹೊಡೆತ ತಪ್ಪುತ್ತದೆ, ಸಸಿಗೆ ನೆರಳೂ ಆಗುತ್ತದೆ. ಒಲೆಗೆ ಹೋಗುವ ಕಟ್ಟಿಗೆ ಹೊಲಕ್ಕೆ ಹಾಕುವುದು ಮನೆಯಲ್ಲಿ ಕಷ್ಟದ ಮಾತು ಅಂತ ನನಗೆ ಗೊತ್ತು. ಒಂದು ಎಕರೆಗೆ ಮಾತ್ರ, ಒಂದು ವರ್ಷ ಮಾತ್ರ ಬಿಟ್ಟುಕೊಡಿ.

ಗೊಬ್ಬರ ಬೇಡ ಅನ್ನುವವರೂ ಇದ್ದಾರೆ, ಹುಲ್ಲಿಗೇನು ಗೊಬ್ಬರ ಅಂತ. ಇಂಥ ಕೆಂಪು ನೆಲದಲ್ಲಿ ರಂಜಕವನ್ನು ಮಣ್ಣೇ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಸಿಗುವುದು ಕಡಿಮೆ. ರಂಜಕ ಇಲ್ಲದೆ ಸ್ಟೈಲೋ ಏಳುವುದಿಲ್ಲ. ಎಕರೆಗೆ 50 ಕೆಜಿಯ ಒಂದು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಗೀರಿನಲ್ಲಿ ಹಾಕಿ. ಯೂರಿಯಾ ಮೊದಲ ವರ್ಷ ಬೇಡ, ಅದನ್ನು ಕಸವೇ ತಿಂದು ಬೆಳೆಯುತ್ತದೆ. ಎರಡನೇ ಮಳೆಗಾಲದಲ್ಲಿ, ಹುಲ್ಲು ಬುಡ ಕಟ್ಟಿದ ಮೇಲೆ, ಎಕರೆಗೆ 15ರಿಂದ 18 ಕೆಜಿ ಕೊಟ್ಟರೆ ಸಾಕು.

ತಗಚಿ, ಕಾಂಗ್ರೆಸ್ ಕಸ ಹುಲ್ಲಿಗಿಂತ ಮೊದಲೇ ಏಳುತ್ತವೆ. ಹೆದರಬೇಡಿ. ಕೀಳಲು ಹೋದರೆ ಪಕ್ಕದ ಸಸಿಯೂ ಏಳುತ್ತದೆ. ತಗಚಿಯನ್ನು ಹೂ ಬಿಡುವ ಮುಂಚೆ ಕುಡಗೋಲಿನಿಂದ ಕೊಯ್ದು ಅಲ್ಲೇ ಹಾಸಿಬಿಡಿ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ಅರ್ಧ ಸಸಿ ಒಣಗಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಉಳಿದ ಬುಡಗಳನ್ನೇ ಮುಂದಿನ ವರ್ಷ ಸೀಳಿ ಖಾಲಿ ಜಾಗಕ್ಕೆ ಹಚ್ಚಬಹುದು. ತೀರಾ ಕಲ್ಲು ಜಾಗದಲ್ಲಿ ಬೀಜಕ್ಕಿಂತ ಬೇರು ಸಮೇತದ ಬುಡವೇ ಜಾಸ್ತಿ ನಂಬಿಕೆಯದು. ಆಳು ಹೆಚ್ಚು ಬೇಕು, ಅಷ್ಟೇ.

ದನದ ವಿಷಯ ಎಲ್ಲಕ್ಕಿಂತ ಕಷ್ಟದ್ದು. ಯಾಕೆಂದರೆ ಇಲ್ಲಿ ಮಣ್ಣಿನ ಜೊತೆ ಅಲ್ಲ, ಮನುಷ್ಯರ ಜೊತೆ ಮಾತಾಡಬೇಕು. ಮೊದಲ ಎರಡು ವರ್ಷ ನಿಮ್ಮ ಆಡುಗಳೂ ಸೇರಿ ಯಾವ ಪ್ರಾಣಿಯೂ ಒಳಗೆ ಬರಬಾರದು. ಆಡು ಚಿಗುರನ್ನು ಬುಡದವರೆಗೂ ಕಚ್ಚುತ್ತದೆ, ಎಳೆ ಸಸಿ ಬೇರು ಸಮೇತ ಕಿತ್ತು ಬರುತ್ತದೆ. ಜಾಲಿ ಮುಳ್ಳಿನ ಬೇಲಿ ಹಾಕಿ, ಅದರ ಒಳಗೆ ಕತ್ತಾಳೆ ಹಚ್ಚಿ. ಮುಳ್ಳು ಎರಡು ವರ್ಷಕ್ಕೆ ಪುಡಿಯಾಗುವ ಹೊತ್ತಿಗೆ ಕತ್ತಾಳೆ ಎದ್ದಿರುತ್ತದೆ. ಆದರೆ ಬರೀ ಬೇಲಿಯಿಂದ ಹುಲ್ಲು ಉಳಿದದ್ದನ್ನು ನಾನು ನೋಡಿಲ್ಲ. ವರ್ಷಗಟ್ಟಲೆ ಅಲ್ಲಿ ಮೇಯಿಸಿದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಬೇಲಿ ಕಂಡರೆ ಬೇಸರ ಆಗುತ್ತದೆ, ಅದು ಸಹಜ. ಕೆಲಸ ಶುರು ಮಾಡುವ ಮುಂಚೆ ದನಗಾಹಿಗಳ ಜೊತೆ, ಪಕ್ಕದ ಹೊಲದವರ ಜೊತೆ ಕೂತು ಮಾತಾಡಿ. ಈ ಒಂದು ಎಕರೆ ಮಾತ್ರ ಮುಚ್ಚುತ್ತಿದ್ದೇವೆ, ಉಳಿದ ಮೂರು ಎಕರೆ ಈ ವರ್ಷ ಹಾಗೇ ಇದೆ ಅನ್ನಿ. ಮೂರನೇ ವರ್ಷದಿಂದ ಕೊಯ್ದು ಒಯ್ಯಲು ಒಂದಿಷ್ಟು ಹೊರೆ ಅವರಿಗೂ ಕೊಡುತ್ತೇವೆ ಅನ್ನಿ. ಕೊಟ್ಟ ಮಾತು ಉಳಿಸಿಕೊಳ್ಳಿ. ಬೇಕಿದ್ದರೆ ಊರಲ್ಲಿ ಡಂಗುರ ಸಾರಿಸಿ.

ಮೊದಲ ವರ್ಷ ಬೀಜ ಉದುರುವವರೆಗೆ ಕುಡಗೋಲು ಮುಟ್ಟಿಸಬೇಡಿ. ಉದುರಿದ ಬೀಜವೇ ಮುಂದಿನ ಬಿತ್ತನೆ. ಅದಾದ ಮೇಲೆ ನಾಲ್ಕು ಬೆರಳೆತ್ತರ ಬುಡ ಬಿಟ್ಟು ಕೊಯ್ದು ಬಣವೆ ಹಾಕಿ. ಮೂರನೇ ವರ್ಷದಿಂದ ಆಕಳುಗಳನ್ನು ಸ್ವಲ್ಪ ಹೊತ್ತು ಬಿಡಬಹುದು, ಮಳೆ ಬಿದ್ದು ನೆಲ ಮೆತ್ತಗಿರುವಾಗ ಮಾತ್ರ ಬೇಡ. ಒಣಗಿದ ಹುಲ್ಲಿಗೆ ಒಂದು ಬೀಡಿ ಸಾಕು. ಫಾಲ್ಗುಣಕ್ಕೆ ಮುಂಚೆ ಅಂಚಿನುದ್ದಕ್ಕೂ ಐದಾರು ಅಡಿ ಅಗಲ ಕೆತ್ತಿ ಬೆಂಕಿ ದಾಟದ ಹಾಗೆ ಮಾಡಿ.

ಎಷ್ಟು ಮೇವು ಬರುತ್ತದೆ? ಸುಳ್ಳು ಆಸೆ ಹುಟ್ಟಿಸುವುದು ಬೇಡ. ಚೆನ್ನಾಗಿ ಹಿಡಿದ ಮೇಲೆ, ಮಳೆ ಒಲಿದ ವರ್ಷ, ಇಂಥ ನೆಲದಲ್ಲಿ ಎಕರೆಗೆ ಒಂದೂವರೆಯಿಂದ ಎರಡು ಟನ್ ಒಣ ಮೇವು ಅಂತ ಹಿಡಿಯಿರಿ. ಮೊದಲ ವರ್ಷ ಅದರ ಕಾಲು ಭಾಗ ಬಂದರೆ ಸಂತೋಷಪಡಿ. ನಿಮ್ಮ ಎರಡು ಆಕಳು, ಎಮ್ಮೆ, ಹತ್ತು ಆಡು ಸೇರಿ ದಿನಕ್ಕೆ ಮೂವತ್ತೈದರಿಂದ ನಲವತ್ತು ಕೆಜಿ ಒಣ ಮೇವು ತಿನ್ನುತ್ತವೆ, ವರ್ಷಕ್ಕೆ ಸುಮಾರು ಹದಿನಾಲ್ಕು ಟನ್. ಅಂದರೆ ನಾಲ್ಕೂ ಎಕರೆ ಹಿಡಿದ ಮೇಲೆ ಅರ್ಧ ಹೊಟ್ಟೆ ಅಲ್ಲಿಂದ ತುಂಬುತ್ತದೆ. ಉಳಿದದ್ದಕ್ಕೆ ಜೋಳದ ಕಣಕಿ, ತೊಗರಿ ಹೊಟ್ಟು, ಕೊಟ್ಟಿಗೆ ಹಿಂದಿನ ನೇಪಿಯರ್ ಇರಲೇಬೇಕು. ಬೇಸಿಗೆಯಲ್ಲಿ ಕೊಳ್ಳುವ ಮೇವು ಇದರಿಂದ ಬಹಳ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಕೈಯಲ್ಲಿ ಆಗುವುದಿಲ್ಲ ಅನಿಸಿದರೆ ಇನ್ನೊಂದು ದಾರಿ ಇದೆ. ಬೀಜವೂ ಬೇಡ, ಗೊಬ್ಬರವೂ ಬೇಡ. ಒಂದು ಎಕರೆಗೆ ಬೇಲಿ ಹಾಕಿ ಎರಡು ಮಳೆಗಾಲ ಬಿಟ್ಟುಬಿಡಿ. ಬೇರು ಉಳಿದಿದ್ದರೆ ಅಲ್ಲಿಯದೇ ಹುಲ್ಲು ಎದ್ದು ಬರುತ್ತದೆ. ಖರ್ಚು ಬಹಳ ಕಡಿಮೆ. ಆದರೆ ನಿಧಾನ. ಮೊದಲು ಬರುವುದು ಬಟ್ಟೆಗೆ ಚುಚ್ಚುವ ಸೂಜಿ ಬೀಜದ ಒರಟು ಹುಲ್ಲು, ಆ ಬೀಜ ದನದ ಬಾಯಿಗೂ ಚುಚ್ಚುತ್ತದೆ. ಹೂ ಬರುವ ಮುಂಚೆ ಕೊಯ್ದರೆ ಅದೂ ಮೇವೇ. ಕೊರಕಲು ಬಿದ್ದ ಕಡೆ ಮಾತ್ರ ಬರೀ ಬೇಲಿಯಿಂದ ಆಗುವುದಿಲ್ಲ, ನೀರಿಗೆ ತಡೆ ಬೇಕೇ ಬೇಕು.

ಅಪ್ಪನ ಮಾತಿಗೂ ಉತ್ತರ ಕೊಡಬೇಕಲ್ವಾ. ಅವರು ಆ ನೆಲವನ್ನು ಐವತ್ತು ವರ್ಷದಿಂದ ನೋಡುತ್ತಿದ್ದಾರೆ. ಎರಡು ಸಲ ದುಡ್ಡು ಹೋಗಿದ್ದನ್ನೂ ನೋಡಿದ್ದಾರೆ. ಹಳೆಯ ಬೆಳೆ ಅಲ್ಲಿ ಮತ್ತೆ ಬರುವುದಿಲ್ಲ ಅನ್ನುವುದು ಅವರ ಮಾತಾದರೆ, ನಾನೂ ಒಪ್ಪುತ್ತೇನೆ. ನೆಲದ ಜೀವ ಹೋಗಿದೆಯಾ ಅನ್ನುವುದನ್ನು ಮಾತ್ರ ನೆಲವನ್ನೇ ಕೇಳೋಣ. ಮಡ್ಡಿಯಲ್ಲಿ ಮೂರು ಕಡೆ, ಮೇಲೆ ಒಂದು, ನಡುವೆ ಒಂದು, ಕೆಳಗೆ ಒಂದು, ಹತ್ತಡಿ ಚೌಕದಷ್ಟು ಜಾಗಕ್ಕೆ ದಟ್ಟವಾಗಿ ಜಾಲಿ ಮುಳ್ಳು ಸುತ್ತಿ. ಒಳಗೆ ಏನೂ ಬಿತ್ತಬೇಡಿ, ಏನೂ ಕೀಳಬೇಡಿ. ಮಿರಗಕ್ಕೆ ಮುಂಚೆ ಅಪ್ಪನನ್ನೇ ಕರೆದುಕೊಂಡು ಹೋಗಿ ಮುಳ್ಳು ಹಾಕಿಸಿ. ದಸರಾ ಹೊತ್ತಿಗೆ ಮುಳ್ಳಿನ ಒಳಗಿನ ನೆಲ, ಹೊರಗಿನ ನೆಲ ಎರಡನ್ನೂ ಅವರೇ ನೋಡಲಿ. ಆ ಮೂರು ಚೌಕದಲ್ಲಿ ಏನೇನು ಎದ್ದಿತು, ಎಷ್ಟು ಎತ್ತರ ಬಂತು ಅಂತ ನನಗೆ ಬರೆಯಿರಿ. ಮಣ್ಣು ಪರೀಕ್ಷೆಯ ಚೀಟಿಯನ್ನೂ ಜೊತೆಗೆ ಕಳಿಸಿ. ಉಳಿದ ಮೂರು ಎಕರೆಗೆ ಏನು ಮಾಡಬೇಕು ಅನ್ನುವುದನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.